ಬೆಳಿಗ್ಗೆ ಕಾವ್ಯ, ಮಧ್ಯಾಹ್ನ ಕರಿಹಲಗೆ

ಇಂಗ್ಲಿಷ್ ಸಾಹಿತ್ಯವನ್ನು ಓದಬೇಕೆಂದು ಹಂಬಲಿಸುವ ಮಗಳನ್ನು, ‘ಓದಿ ಮುಂದೇನು ಮಾಡುವೆಯಮ್ಮ?’ ಎಂದು ತಂದೆ ಕೇಳುವುದು ನಮ್ಮ ಮನೆಗಳಲ್ಲಿ ಹೊಸತಲ್ಲ. ‘ಉಪಾಧ್ಯಾಯಿನಿಯಾಗುತ್ತೇನೆ’ ಎಂದರೆ ಅವರಿಗೆ ಸಮಾಧಾನ. ದಾರಿ ಗೊತ್ತಿರುವುದೇ: ಮೊದಲು ಬಿ.ಎ., ಅನಂತರ ಬಿ.ಇಡಿ. ಇವೆರಡನ್ನೂ ಬೆರೆಸಿ ನಾಲ್ಕೇ ವರ್ಷಗಳಲ್ಲಿ ಕಲಿಸುವ ಪದವಿಯೊಂದುಂಟೆಂದು ಮಗಳು ಹೇಳಿದಾಗ ಮಾತ್ರ ಅನುಮಾನ ತಲೆಯೆತ್ತುತ್ತದೆ. ಎರಡು ದೋಣಿಗಳಲ್ಲಿ ಕಾಲಿಟ್ಟವರು ದಡ ಸೇರುವುದುಂಟೆ?

ಈ ಏರ್ಪಾಡು ನಿನ್ನೆ ಮೊನ್ನೆಯದಲ್ಲ. 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ತೆರೆದ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ವಿಷಯಜ್ಞಾನವನ್ನೂ ಬೋಧನಕಲೆಯನ್ನೂ ಒಂದೇ ಪದವಿಯಲ್ಲಿ ಹೆಣೆಯುವ ಉದ್ದೇಶವನ್ನಿಟ್ಟುಕೊಂಡೇ ಹುಟ್ಟಿದವು. ಇಂದು ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆನಿಸಿರುವ ಮೈಸೂರಿನ ಕಾಲೇಜಿಗೆ ಸೇರಿದಂತೆಯೇ ಒಂದು ಶಾಲೆಯೂ ಉಂಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ 2030ರ ವೇಳೆಗೆ ಶಾಲಾ ಶಿಕ್ಷಕರಿಗೆ ಇಂಥ ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆಂದು ಸೂಚಿಸಿದೆ. ಬಿ.ಇಡಿ. ಒಂದೇ ವರ್ಷದ್ದಾಗಿದ್ದಾಗ ಇದರಿಂದ ಕಾಲವೇನೂ ಉಳಿಯುತ್ತಿರಲಿಲ್ಲ. 2015ರಲ್ಲಿ ಅದು ಎರಡು ವರ್ಷಕ್ಕೆ ಏರಿದ ಮೇಲೆ, ಮೂರು ವರ್ಷದ ಬಿ.ಎ. ಸೇರಿ ಐದು ವರ್ಷ ಹಿಡಿಯುವ ಹಾದಿಗೆ ಹೋಲಿಸಿದರೆ ಒಂದು ವರ್ಷದ ಖರ್ಚು ಮಿಗುತ್ತದೆ. ತಂದೆಯ ಮುಖ ತುಸು ಅರಳುವುದು ಇಲ್ಲಿಯೇ.

ಆದರೆ ಉಳಿದ ವರ್ಷಕ್ಕೆ ಬೆಲೆ ತೆರದೆ ವಿಧಿಯಿಲ್ಲ. ಮನಶ್ಶಾಸ್ತ್ರ, ಮೌಲ್ಯಮಾಪನ, ಬೋಧನಾಭ್ಯಾಸಗಳು ವೇಳಾಪಟ್ಟಿಯಲ್ಲಿ ಜಾಗ ಹಿಡಿದಷ್ಟೂ ಚಾಸರನಿಗೂ ಮಿಲ್ಟನನಿಗೂ ಜಾಗ ಕಿರಿದಾಗುತ್ತದೆ. ಮುಂದೆ ಎಂ.ಎ. ಓದಹೊರಟಾಗ ಈ ಕೊರತೆ ಕಾಡದಿರದು. ಇದನ್ನು ಮುಚ್ಚಿಡುವುದು ಹುಡುಗಿಗೆ ಮಾಡುವ ಉಪಕಾರವಲ್ಲ. ಹದಿನಾಲ್ಕು ವರ್ಷದವರಿಗೆ ಪಾಠ ಹೇಳಲು ಬೋಧನಾ ಪದವಿ ಬೇಕು, ಹದಿನೆಂಟು ವರ್ಷದವರಿಗೆ ಹೇಳುವ ಕಾಲೇಜು ಅಧ್ಯಾಪಕರಿಗೆ ಅದು ಬೇಡವೆಂಬ ನಮ್ಮ ಪದ್ಧತಿಯ ವಿಚಿತ್ರವೂ ಇಲ್ಲಿ ನೆನಪಿಗೆ ಬರುತ್ತದೆ!

ಹಾಗಾದರೆ ಲಾಭವೇನು? ವರ್ಡ್ಸ್‌ವರ್ತ್ ಕವಿಯ ‘ಡ್ಯಾಫೊಡಿಲ್ಸ್’ ಪದ್ಯವನ್ನು ಎಂಟನೆಯ ತರಗತಿಗೆ ಬೋಧಿಸಹೊರಟ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಪಾಠಯೋಜನೆಯಲ್ಲಿ ಉದ್ದೇಶಕ್ಕೊಂದು ಅಂಕಣ, ಚಟುವಟಿಕೆಗೊಂದು, ಮೌಲ್ಯಮಾಪನಕ್ಕೊಂದು. ಪದ್ಯದ ಸೊಗಸಿಗೆ ಮಾತ್ರ ಅಂಕಣವಿಲ್ಲ. ಆ ಹೂವನ್ನು ಮಕ್ಕಳು ಕಂಡವರಲ್ಲ. ಹೂಬಿಟ್ಟ ಹುಚ್ಚೆಳ್ಳಿನ ಹೊಲವನ್ನು ನೆನೆಯಿರೆಂದರೆ ಹಳದಿಯೇನೋ ಕಣ್ಣಿಗೆ ಕಟ್ಟೀತು. ಅಷ್ಟಕ್ಕೇ ಪದ್ಯ ಕೈಗೆ ಬಾರದು. ಆಗ ಅವಳ ನೆರವಿಗೆ ಬರುವುದು ಬೆಳಗಿನ ಸಾಹಿತ್ಯದ ತರಗತಿ. ಕವಿಯ ತಂಗಿ ಡೊರೊತಿ ಆ ಹೂಗಳನ್ನು ಕಂಡ ದಿನ, 1802ರ ಏಪ್ರಿಲ್ 15ರಂದು, ದಿನಚರಿಯಲ್ಲಿ ಅವುಗಳನ್ನು ಬಣ್ಣಿಸಿದ್ದಳು. ಅಣ್ಣನ ಪದ್ಯ ಅಚ್ಚಾದದ್ದು 1807ರಲ್ಲಿ. ಅಣ್ಣತಂಗಿಯರು ಸರೋವರದ ದಂಡೆಯಲ್ಲಿ ನಡೆದುಬಂದ ಕಥೆಯೆಂದರೆ ಮಕ್ಕಳು ಕಿವಿಗೊಡದಿರುವರೆ?

ಕಥೆ ಮುಗಿಯುತ್ತಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತಾನು: ‘ಮಿಸ್, ತಂಗಿ ಜೊತೆಯಲ್ಲೇ ಇದ್ದಳಲ್ಲ. ಮತ್ತೆ ಪದ್ಯದಲ್ಲಿ ತಾನೊಬ್ಬನೇ ಇದ್ದೆ ಅಂತ ಯಾಕೆ ಬರೆದ?’

ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿಲ್ಲ. ಅವಳ ಸಾಹಿತ್ಯದ ಟಿಪ್ಪಣಿಗಳಲ್ಲಿಯೂ ಇರಲಾರದು. ದಿನಾಂಕವನ್ನು ಬಾಯಿಪಾಠ ಮಾಡಿದ್ದವಳಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ‘ನಾಳೆ ಹೇಳುತ್ತೇನೆ, ಕುಳಿತುಕೋ’ ಎಂದು ಹುಡುಗನಿಗೆ ಹೇಳಿ, ಮರುದಿನ ಬೆಳಿಗ್ಗೆ ಸಾಹಿತ್ಯದ ತರಗತಿಯಲ್ಲಿ ಆಕೆ ಅದೇ ಪ್ರಶ್ನೆಯನ್ನು ತನ್ನ ಪ್ರಾಧ್ಯಾಪಕರ ಮುಂದಿಡುತ್ತಾಳೆ.