ಇಎಂಐಗೆ ಆಷಾಢ ಇಲ್ಲ

ಮದುವೆ ಫೋಟೋ ಮಾತಾಡೋಕೆ ಬಂದವರು ಮೊದಲೆಲ್ಲ "ಹಳೇ ಆಲ್ಬಂ ತೋರಿಸಿ" ಅಂತಿದ್ದರು. ಈಗ ಮೊದಲ ಪ್ರಶ್ನೆಯೇ "ಮಿರರ್‌ಲೆಸ್ ಇದೆಯಾ ಸಾರ್?" ಕ್ಯಾಮೆರಾ ಒಳಗೆ ಕನ್ನಡಿ ಇದ್ದರೇನು, ಇಲ್ಲದಿದ್ದರೇನು ಅಂತ ಕೇಳಿದವರಿಗೂ ಗೊತ್ತಿರಲ್ಲ. ಇಂದಿರಾನಗರದ ಈವೆಂಟ್ ಕಂಪನಿಯೊಂದು ಹೋದ ಸೀಸನ್‌ನಲ್ಲಿ ನನ್ನ ಆಲ್ಬಂ ತೆರೆದೂ ನೋಡದೆ, ಬಾಡಿ ಯಾವುದು ಅಂತ ಕೇಳಿಕೊಂಡು ಕೈಬಿಟ್ಟಿತು. ಹೋಗಲಿ, ಆ ಆರ್ಡರ್ ಇಲ್ಲದೆಯೂ ಮನೆ ನಡೀತಿದೆ. ನನ್ನ ಸಿಟ್ಟು ಬೇರೆ. ಕೆ.ಆರ್. ಪುರಂನಿಂದ ನನ್ನ ಜೊತೆ ಲೈಟ್ ಹಿಡಿಯೋಕೆ ಬರೋ ಹುಡುಗ, ದಿನದ ಕೂಲಿ ಎಣಿಸಿ ತಗೊಳ್ಳೋನು, ಎರಡು ವರ್ಷದ ಕಂತಿನ ಮೇಲೆ ಮಿರರ್‌ಲೆಸ್ ಬಾಡಿ ತಗೋತೀನಿ ಅಂತ ಕೂತಿದ್ದಾನೆ. "ಇಲ್ಲಾಂದ್ರೆ ಫೀಲ್ಡಲ್ಲಿ ಬೆಲೆ ಇಲ್ಲಣ್ಣ" ಅಂತಾನೆ.

ಈ ಮಾತನ್ನ ಅವನ ತಲೆಗೆ ತುಂಬಿದವರ ಜೊತೆ ನನ್ನ ಜಗಳ.

ಶಬ್ದವೇ ಬರಲ್ಲ ಅಂತಾರೆ. ಹಲಸೂರಿನ ಛತ್ರದಲ್ಲಿ ತಾಳಿ ಕಟ್ಟೋ ಹೊತ್ತಿಗೆ ಗಟ್ಟಿಮೇಳ ಶುರುವಾದರೆ ಪಕ್ಕದವನ ಮಾತೇ ಕೇಳಿಸಲ್ಲ, ನನ್ನ ಶಟರ್ ಸದ್ದು ಯಾರ ಕಿವಿಗೆ ಬೀಳುತ್ತೆ ಸ್ವಾಮಿ? ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದಂಥ ಕಡೆ, ಪ್ರಾರ್ಥನೆ ನಡೆಯುವಾಗ ಸದ್ದಿಲ್ಲದಿರೋದು ಒಳ್ಳೇದು, ಒಪ್ಕೋತೀನಿ. ಆದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿ ಎಲ್‌ಇಡಿ ಬೆಳಕಲ್ಲಿ ತೆಗೆದರೆ ಎಷ್ಟೋ ಬಾಡಿಗಳಲ್ಲಿ ಫೋಟೋ ಮೇಲೆ ಪಟ್ಟೆ ಪಟ್ಟೆ ಬೀಳುತ್ತೆ ಅನ್ನೋದನ್ನ ಮಾರೋರು ಹೇಳಲ್ಲ. ಎಲ್‌ಇಡಿ ಇಲ್ಲದ ಸ್ಟೇಜ್ ಈಗ ಎಲ್ಲಿದೆ? ಕ್ಲಿಕ್ ಮಾಡೋ ಮುಂಚೆಯೇ ಫೋಟೋ ಹೇಗೆ ಬರುತ್ತೆ ಅಂತ ಕಾಣುತ್ತಂತೆ. ಫ್ಲ್ಯಾಶ್ ಹಾಕೋನಿಗೆ ಅದರಿಂದ ಏನು? ಫ್ಲ್ಯಾಶ್ ಬೆಳಕು ಮುಂಚೆಯೇ ಕಾಣಲ್ಲವಲ್ಲ.

ಕಣ್ಣು ಹುಡುಕಿ ಫೋಕಸ್ ಮಾಡೋದು ಮಾತ್ರ ನಿಜಕ್ಕೂ ದೊಡ್ಡ ಅನುಕೂಲ. ಅದನ್ನ ಇಲ್ಲ ಅನ್ನೋನು ಸುಳ್ಳುಗಾರ. ಆದರೂ ಧಾರೆ ಹೊತ್ತಲ್ಲಿ ಹುಡುಗಿಯ ಕಣ್ಣಿಗೂ ನನ್ನ ಲೆನ್ಸಿಗೂ ಮಧ್ಯೆ ಮೊಬೈಲ್ ಎತ್ತಿ ಹಿಡಿದ ಚಿಕ್ಕಪ್ಪನನ್ನ ಸರಿಸೋ ಕ್ಯಾಮೆರಾ ಇನ್ನೂ ಬಂದಿಲ್ಲ. ವಿಡಿಯೋ ಮಾಡೋರು ಧಾರಾಳವಾಗಿ ತಗೊಳ್ಳಲಿ, ಅಲ್ಲಿ ನಮ್ಮ ಹಳೇ ಡಬ್ಬ ಲೆಕ್ಕಕ್ಕೇ ಇಲ್ಲ. ನಾನು ಹೇಳ್ತಿರೋದು ಫೋಟೋದಿಂದ ಹೊಟ್ಟೆ ಹೊರೆಯೋರ ವಿಷಯ.

ನನ್ನದು ನಿಕಾನ್ ಡಿ750, 2014ರಲ್ಲಿ ಬಂದ ಮಾಡೆಲ್, 24 ಮೆಗಾಪಿಕ್ಸೆಲ್. ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ ಅದರ ಒಂದು ಫೋಟೋ 20 ಇಂಚು ಅಗಲಕ್ಕೆ ಪ್ರಿಂಟ್ ಆಗುತ್ತೆ. ನಾವು ಕೊಡೋ 12×36 ಆಲ್ಬಂನ ಒಂದು ಪುಟ 12×18. ಇನ್ನೇನು ಬೇಕು? ಇದೇ ಡಿ750 ಒಂದು ಚಾರ್ಜಿಗೆ 1,230 ಫೋಟೋ ಅಂತ ಕಂಪನಿಯ ಲೆಕ್ಕ. 2018ರಲ್ಲಿ ಬಂದ ಮಿರರ್‌ಲೆಸ್ ಝಡ್6ಗೆ ಅದೇ ಕಂಪನಿಯ ಲೆಕ್ಕ 310. ಕೆಲಸಕ್ಕಿಳಿದಾಗ ಎರಡೂ ಜಾಸ್ತಿನೇ ಬರುತ್ತೆ, ಆದರೂ ಬ್ಯಾಟರಿ ಎಕ್ಸ್‌ಟ್ರಾ ಕೊಳ್ಳೋದು ತಪ್ಪಲ್ಲ. ಇನ್ನು ಲೆನ್ಸು. ನಿಕಾನ್‌ನ ಎಫ್ ಮೌಂಟ್ 1959ರಿಂದ ಬಂದದ್ದು. ನನ್ನ ಹತ್ತಿರ ಇರೋ ಹಳೇ 80-200 ಎಎಫ್-ಡಿ ಲೆನ್ಸನ್ನ ಕಂಪನಿಯದೇ ಎಫ್‌ಟಿಝಡ್ ಅಡಾಪ್ಟರ್‌ಗೆ ಸಿಕ್ಕಿಸಿದರೆ ಆಟೋಫೋಕಸ್ ಹೋಯ್ತು, ಕೈಯಲ್ಲಿ ತಿರುಗಿಸ್ತಾ ಕೂರಬೇಕು. ಅಂದರೆ ಬಾಡಿ ಒಂದೇ ಅಂತ ಹೊರಟೋನು ಲೆನ್ಸು, ಬ್ಯಾಟರಿ, ಕಾರ್ಡು ಎಲ್ಲಾ ಹೊತ್ಕೊಂಡು ಬರ್ತಾನೆ.

"ಫಿಲ್ಮಿಂದ ಡಿಜಿಟಲ್‌ಗೆ ಬರುವಾಗಲೂ ನಿಮ್ಮಂಥೋರು ಹೀಗೇ ಅಂದಿದ್ರು" ಅಂತ ಒಬ್ಬರು ನನಗೆ ಪಾಠ ಹೇಳಿದರು. ಇಲ್ಲ ಸ್ವಾಮಿ, ಆ ಲೆಕ್ಕವೇ ಬೇರೆ. ಒಂದು ರೋಲಿಗೆ 36 ಫೋಟೋ, ರೋಲಿನ ದುಡ್ಡು, ತೊಳೆಸೋ ದುಡ್ಡು, ಪ್ರಿಂಟಿನ ದುಡ್ಡು. ಡಿಜಿಟಲ್ ಬಂದಾಗ ಫೋಟೋ ತೆಗೆಯೋ ಖರ್ಚೇ ಇಳೀತು. ಕೊಂಡ ಕ್ಯಾಮೆರಾ ತನ್ನ ದುಡ್ಡು ತಾನೇ ದುಡೀತು. ಈಗಿನ ಬದಲಾವಣೆಯಲ್ಲಿ ಒಂದು ಫೋಟೋದ ಖರ್ಚು ಒಂದು ಪೈಸೆ ಇಳಿಯಲ್ಲ. ಪಾರ್ಟಿ ಒಂದು ರೂಪಾಯಿ ಜಾಸ್ತಿ ಕೊಡಲ್ಲ. ಮಿರರ್‌ಲೆಸ್ ಬೇಕೇ ಬೇಕು ಅನ್ನೋರೇ ಮರುಮಾತಲ್ಲಿ "ಪ್ಯಾಕೇಜಲ್ಲಿ ಐದು ಸಾವಿರ ಕಮ್ಮಿ ಮಾಡ್ಕೊಳಿ" ಅಂತಾರೆ.

ಡಿಎಸ್‌ಎಲ್‌ಆರ್ ಸತ್ತಿದೆ ಅನ್ನೋದೂ ಗೊತ್ತು. 2020ರ ಆಚೆಗೆ ಕ್ಯಾನನ್ ಆಗಲಿ ನಿಕಾನ್ ಆಗಲಿ ಹೊಸದೊಂದು ಡಿಎಸ್‌ಎಲ್‌ಆರ್ ತಂದಿಲ್ಲ. ಅವರು ಮಾಡೋದು ನಿಲ್ಲಿಸಿದ್ದಕ್ಕೆ ನನ್ನ ಕೈಲಿರೋದು ಫೋಟೋ ತೆಗೆಯೋದು ನಿಲ್ಲಿಸುತ್ತಾ? ಎಲ್ಲರೂ ಮಾರ್ತಿರೋದರಿಂದ ಹಳೇ ಬಾಡಿ, ಒಳ್ಳೇ ಲೆನ್ಸು ಕಡಿಮೆ ದುಡ್ಡಿಗೆ ಸಿಗ್ತಿವೆ. ಆ ಹುಡುಗನಂಥವನು ಸಾಲ ಇಲ್ಲದೆ ಸ್ವಂತಕ್ಕೆ ನಿಲ್ಲೋಕೆ ಇದಕ್ಕಿಂತ ಒಳ್ಳೇ ಕಾಲ ಬೇಕಾ? ಅದು ಬಿಟ್ಟು ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಮದುವೆ ಇಲ್ಲ, ಇಎಂಐ ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತೆ. ಆಗ ಕಂತು ಕಟ್ಟೋಕೆ ಅವನು ಮಾರೋದು ಅದೇ ಕ್ಯಾಮೆರಾನೇ, ಅರ್ಧ ರೇಟಿಗೆ.

ನನ್ನ ಡಿ750ರ ಶಟರ್ 1,50,000 ಕ್ಲಿಕ್‌ಗೆ ಟೆಸ್ಟ್ ಆಗಿರೋದು. 1,30,000 ದಾಟಿದೆ. ಅದು ನಿಂತ ದಿನ ನಾನೂ ಮಿರರ್‌ಲೆಸ್ಸೇ ತಗೋತೀನಿ, ಕೈಲಿರೋ ದುಡ್ಡಿಗೆ ಬರೋದನ್ನ. ಹುಡುಗನಿಗೆ ಸದ್ಯಕ್ಕೆ ನನ್ನ ಎರಡನೇ ಬಾಡಿ, 50 ಎಂಎಂ ಲೆನ್ಸು ಕೊಟ್ಟು ಹೇಳಿದ್ದೀನಿ, ಮುಂದಿನ ಹಲಸೂರು ಮದುವೆಯಲ್ಲಿ ಊಟದ ಪಂಕ್ತಿ ಪೂರ್ತಿ ನಿಂದೇ ಅಂತ.