ಟ್ಯಾಂಕಿನಲ್ಲಿ ಎಷ್ಟಿದೆ?

ನಮ್ಮ ಹಳೆಯ ಬೈಕಿಗೆ ಗೇಜ್ ಇಲ್ಲ. ಟ್ಯಾಂಕ್ ಅಲುಗಾಡಿಸಿ ಸದ್ದು ಕೇಳುವುದೇ ನಮ್ಮ ಲೆಕ್ಕವಾಗಿತ್ತು.

ಒಂದು ರಾತ್ರಿ ಬದಿಯಡ್ಕದ ಆಚೆ, ರೋಗಿಯೊಬ್ಬರ ಮನೆಗೆ ಹೊರಟಿದ್ದಾಗ ಬೈಕ್ ನಿಂತಿತು. ರಿಸರ್ವ್‌ಗೆ ತಿರುಗಿಸಹೋದರೆ ನಲ್ಲಿ ಆಗಲೇ ರಿಸರ್ವ್‌ನಲ್ಲಿತ್ತು! ಹಿಂದಿನ ಸಲ ಪೆಟ್ರೋಲ್ ಹಾಕಿಸಿ ಮರಳಿ ‘ಆನ್’ ಮಾಡಲು ಮರೆತಿದ್ದೆವು. ನಡೆದು ತಲುಪುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ರಿಸರ್ವ್ ಬೇರೆ ಟ್ಯಾಂಕಲ್ಲ, ಅದೇ ಟ್ಯಾಂಕಿನ ತಳದ ಪೆಟ್ರೋಲ್. ನಲ್ಲಿ ‘ಆನ್’ನಲ್ಲಿದ್ದರಷ್ಟೇ ಅದು ಉಳಿಯುತ್ತದೆ. ತುಂಬಿಸಿದ ದಿನವೇ ಕಿಲೋಮೀಟರ್ ಬರೆದಿಡಿರಿ: ಲೀಟರಿಗೆ 50 ಕೊಡುವ ಬೈಕು 200 ಓಡಿದರೆ 4 ಲೀಟರ್ ಮುಗಿದಿದೆ. ಗೇಜ್ ಇದ್ದವರು ಸಮತಟ್ಟಿನಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನೋಡಿರಿ. ವಾಲಿದರೆ ಮುಳ್ಳು ತಪ್ಪು ಹೇಳುತ್ತದೆ.

ಆ ಮನೆಯವರು ನಮ್ಮನ್ನು ಏನೂ ಅನ್ನಲಿಲ್ಲ. ಈಗ ಬಂಕ್ ಬಿಡುವ ಮೊದಲು ನಮ್ಮ ಕೈ ತಾನಾಗಿ ನಲ್ಲಿಯತ್ತ ಹೋಗುತ್ತದೆ.