ಕಾಣದ ಬೇನೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ತೋಟಗಳಲ್ಲಿ ಬಿಳಿ ಕಾಂಡಕೊರಕವೆಂಬ ಹುಳುವಿನ ಹೆಸರು ಕೇಳಿದರೆ ಬೆಳೆಗಾರರು ಬೆಚ್ಚುತ್ತಾರೆ. ಅದು ಅರೇಬಿಕಾ ಗಿಡದ ಕಾಂಡವನ್ನು ಒಳಗಿನಿಂದಲೇ ಕೊರೆದು ತಿನ್ನುತ್ತದೆ. ಎಲೆ ಹಳದಿಯಾದಾಗ, ಕಾಂಡದ ಮೇಲೆ ಏಣು ಮೂಡಿದಾಗ, ಅನುಭವಿಗಳು ಒಳಗಿನ ಕೇಡನ್ನು ಅರಿಯುತ್ತಾರೆ. ಗಿಡದ ವಿಷಯದಲ್ಲಿ ಇಷ್ಟು ಎಚ್ಚರವಿರುವ ಮಲೆನಾಡು ಮನುಷ್ಯನ ಮನಸ್ಸಿನ ವಿಷಯದಲ್ಲಿ ಮೌನವಾಗಿರುವುದೇಕೆ?

ಮೌನಕ್ಕೆ ಕಾರಣಗಳಿಲ್ಲದಿಲ್ಲ. ಜ್ವರ ಬಂದವನು ಆಸ್ಪತ್ರೆಗೆ ಹೋದರೆ ಊರು ಮರುಗುತ್ತದೆ. ಮನಸ್ಸು ಕುಗ್ಗಿದವನು ಹೋದರೆ ಊರು ಪಿಸುಗುಟ್ಟುತ್ತದೆ. ತೋಟದ ಲೈನುಮನೆಯಲ್ಲಿ ಗೋಡೆಗೂ ಕಿವಿಯುಂಟು. ಪಟ್ಟಣಕ್ಕೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಮೇಲಾಗಿ, ಬರಿಯ ಮಾತಿನಿಂದ ಬೇನೆ ನೀಗೀತೇ ಎಂಬ ಸಂಶಯ ಬೇರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿ ಮನೋವ್ಯಾಧಿಗೆ ಒಳಗಾಗಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ತೋಟದ ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು 1951ರ ಕಾಯಿದೆ ಮಾಲೀಕರ ಮೇಲೆ ಹೊರಿಸಿತ್ತು. 2017ರಲ್ಲಿ ಅಂಗೀಕಾರವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆಯು ದೇಹದ ರೋಗಕ್ಕಿರುವಂತೆಯೇ ಮನಸ್ಸಿನ ರೋಗಕ್ಕೂ ವಿಮೆ ಇರಬೇಕೆಂದು ವಿಧಿಸಿತು. ಆದರೆ ವಿಮೆಯು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವನ ಖರ್ಚನ್ನು ಭರಿಸುತ್ತದೆ. ಆಪ್ತಸಮಾಲೋಚನೆಗೆ ಹಾಸಿಗೆ ಬೇಡ. ವಾರ ವಾರವೂ ತಾಳ್ಮೆಯಿಂದ ಆಲಿಸುವ ಕಿವಿ ಬೇಕು. ಅದಕ್ಕೇ ಲೆಕ್ಕದ ಪುಸ್ತಕದಲ್ಲಿ ಸ್ಥಳ ಕಡಿಮೆ.

ಹಣ ಕೊಡುವವರಿಗೆ ಲೆಕ್ಕ ಕೇಳುವ ಹಕ್ಕಿಲ್ಲವೇ ಎಂದು ಯಾರಾದರೂ ಕೇಳಬಹುದು. ಉಂಟು. ಆದರೆ ಲೆಕ್ಕ ಬೇರೆ, ಗುಟ್ಟು ಬೇರೆ. ಎಷ್ಟು ಸಲ ಭೇಟಿಯಾಯಿತೆಂದು ಕೇಳಬಹುದು. ಏನು ಹೇಳಿಕೊಂಡರೆಂದು ಕೇಳಲಾಗದು. ತನ್ನ ದುಃಖದ ಕಥೆ ಕಾಗದದ ಮೂಲಕ ಮಾಲೀಕನ ಕೈಸೇರೀತೆಂಬ ಅಂಜಿಕೆಯಿದ್ದರೆ ರೋಗಿಯು ಬಾಯಿ ಬಿಡಲಾರನು. ಬಾಯಿ ಬಿಡದಿದ್ದರೆ ಈ ಚಿಕಿತ್ಸೆಯೇ ಇಲ್ಲ. ಆದ್ದರಿಂದಲೇ ಅದೇ ಕಾಯಿದೆಯು ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಸಾರಿದೆ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆಮಾಡಿ ಯಾರಾದರೂ ಉಚಿತವಾಗಿ ಮಾತನಾಡಬಹುದು. ದಾರಿ ತೆರೆದಿದೆ, ನಡೆಯುವ ಧೈರ್ಯವನ್ನು ನೆರೆಹೊರೆಯವರು ತುಂಬಬೇಕು. ಹುಳು ಹೊಕ್ಕ ಗಿಡವನ್ನು ಬೆಳೆಗಾರನು ಕಿತ್ತು ಸುಡುತ್ತಾನೆ. ಮನುಷ್ಯನನ್ನು ಹಾಗೆ ಕಿತ್ತೆಸೆಯಲಾಗದು. ಬಳಿ ಕುಳಿತು ಆಲಿಸಬೇಕು.